ಮಾವನವರ ಎರೆ, ನನ್ನ ಒಂಟೆ

ಬೇಕೆಂದೇ ಸೋತೆ ಎಂದು ಹೇಳಿಕೊಳ್ಳುವವರನ್ನು ಯಾವ ಕಾರಣಕ್ಕೂ ನಂಬಬೇಡಿ. ಗೆದ್ದವರು ಜಂಬ ಕೊಚ್ಚಿಕೊಂಡರೆ ಸಹಿಸಬಹುದು, ಯಾಕೆಂದರೆ ಗೆದ್ದದ್ದಾದರೂ ನಾಲ್ಕು ಜನರ ಕಣ್ಣಿಗೆ ಬಿದ್ದಿರುತ್ತದೆ. ಸೋತವರ ಜಂಬಕ್ಕೆ ಸಾಕ್ಷಿಯೇ ಬೇಕಿಲ್ಲ. ‘ಅಯ್ಯೋ, ನಾನು ಮನಸ್ಸು ಮಾಡಿದ್ದರೆ’ ಎಂದು ಒಂದು ನಿಟ್ಟುಸಿರು ಬಿಟ್ಟರೆ ಸಾಕು, ಸೋಲೂ ಮುಚ್ಚಿಹೋಗುತ್ತದೆ, ದೊಡ್ಡ ಗುಣದವಳು ಎಂಬ ಹೆಸರೂ ಬರುತ್ತದೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಇಪ್ಪತ್ತೇಳು ವರ್ಷ ನಾನು ನನ್ನ ಮಾವನವರ ಎದುರು ಚೆಸ್ಸಿನಲ್ಲಿ ಸೋತಿದ್ದೇನೆ. ಆ ಇಪ್ಪತ್ತೇಳು ವರ್ಷವೂ, ಹಿರಿಯರ ಮನಸ್ಸು ನೋಯಬಾರದೆಂದು ಬಿಟ್ಟುಕೊಡುತ್ತೇನೆ ಎಂದು ತವರಿನವರಿಗೆ, ಅಕ್ಕಪಕ್ಕದವರಿಗೆ, ಕಾಲೇಜಿನ ಆಫೀಸಿನಲ್ಲಿ ನನ್ನ ಜೊತೆ ಊಟದ ಡಬ್ಬಿ ಬಿಚ್ಚುವವರಿಗೆ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಗಂಡನಿಗೆ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಕೊನೆಗೆ ನಾನೂ ಅದನ್ನು ನಂಬಿಬಿಟ್ಟಿದ್ದೆ.

ಮಾವನವರ ಹೆಸರು ಮುನಿರಾಜಪ್ಪ. ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿ ಸ್ಟೇಷನ್ ಆಫೀಸರ್ ಆಗಿ ನಿವೃತ್ತರಾದವರು. ಹುಟ್ಟಿದ್ದು ಹುಳಿಮಾವಿನಲ್ಲಿ, ಅದಿನ್ನೂ ಊರಾಗಿದ್ದ ಕಾಲದಲ್ಲಿ. ಚೆಸ್ ಕಲಿತದ್ದೂ ಅಲ್ಲಿಯೇ, ಅರಳಿಕಟ್ಟೆಯ ಚಪ್ಪಡಿಯ ಮೇಲೆ ಇದ್ದಿಲಿನಿಂದ ಗೀಚಿದ ಮನೆಗಳಲ್ಲಿ. ಕೆಲಸಕ್ಕೆ ಸೇರಿದ ಮೇಲೆ ಜೊತೆಯವರಿಂದ ಪುಸ್ತಕದ ಚೆಸ್ಸನ್ನೂ ಕಲಿತರು. ಆದರೆ ಕಟ್ಟೆಯ ಆಟದ ಒಂದು ನಿಯಮವನ್ನು ಮಾತ್ರ ಬಿಡಲಿಲ್ಲ. ಅವರ ಆಟದಲ್ಲಿ ರಾಜ ಇಡೀ ಆಟಕ್ಕೆ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಷರತ್ತು ಇಷ್ಟೇ, ಅದುವರೆಗೆ ಅವನಿಗೆ ಒಂದೂ ಚೆಕ್ ಬಿದ್ದಿರಬಾರದು. ಪುಸ್ತಕದ ಆಟದಲ್ಲಿ ರಾಜ ಆನೆಯ ಪಕ್ಕ ಹೋಗಿ ಅಡಗಿಕೊಳ್ಳುವ ಒಂದು ವ್ಯವಸ್ಥೆ ಇದೆಯಲ್ಲ, ಅದು ನಮ್ಮ ಮನೆಯಲ್ಲಿ ಇಲ್ಲ. “ಅದೆಲ್ಲ ಇಂಗ್ಲೀಷ್‌ನೋರು ಹೆದರ್ಕೊಂಡು ಮಾಡ್ಕೊಂಡಿರೋದು. ನಮ್ ರಾಜ ಬಚ್ಚಿಟ್ಕೊಳಲ್ಲ, ಹಾರ್ತಾನೆ” ಎನ್ನುತ್ತಿದ್ದರು. ಇಪ್ಪತ್ತೇಳು ವರ್ಷ ನಾನೂ ಇದೇ ನಿಯಮದಲ್ಲಿ ಆಡಿದವಳು. ಬೇರೆ ಕಡೆ ರಾಜರು ಹಾರುವುದಿಲ್ಲ ಎಂಬುದು ನನಗೆ ಮರೆತೇಹೋಗಿತ್ತು.

ನಾನು ಮದುವೆಯಾಗಿ ಬನಶಂಕರಿಯಿಂದ ಜಯನಗರದ ಈ ಮನೆಗೆ ಬಂದಾಗ ಮಾವನವರಿಗೆ ಐವತ್ತೈದು. ಮನೆಯಲ್ಲಿ ಹೆಣ್ಣುಮಕ್ಕಳಿರಲಿಲ್ಲ. ಸೊಸೆಯ ಜೊತೆ ಏನು ಮಾತಾಡಬೇಕು ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ನಾನು ಹಾಲಿಗೆ ಬಂದರೆ ಅವರು ವರಾಂಡಕ್ಕೆ ಹೋಗುವರು, ನಾನು ವರಾಂಡಕ್ಕೆ ಹೋದರೆ ಅವರಿಗೆ ಗೇಟಿನ ಹತ್ತಿರ ಏನೋ ಕೆಲಸ. ನಾನೋ, ತವರು ಎರಡು ಬಸ್ಸಿನ ದೂರದಲ್ಲಿದ್ದರೂ ಸಪ್ತಸಾಗರದಾಚೆ ಇದೆಯೇನೋ ಎಂಬಂತೆ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಮೂರನೆಯದೋ ನಾಲ್ಕನೆಯದೋ ದಿನ ಸಂಜೆ ಐದು ಗಂಟೆಗೆ ಅವರು ಕೆಮ್ಮಿ, ಗೋಡೆಯ ಕಡೆ ನೋಡುತ್ತ, “ಏನಮ್ಮ, ಚೆಸ್ ಬತ್ತದಾ?” ಎಂದರು. ಅಣ್ಣನ ಜೊತೆ ಆಡಿ ಗೊತ್ತಿತ್ತು. ಕೂತೆ. ಮಾವನ ಎದುರು ಸೊಸೆ ಕುರ್ಚಿಯ ಮೇಲೆ ಕೂರುವುದೇ ದೊಡ್ಡ ಮಾತಾಗಿದ್ದ ಮನೆ ಅದು. ಅತ್ತೆ ಕಾಫಿ ತಂದಿಟ್ಟು, ಬಗ್ಗಿ, ನನ್ನ ಕಿವಿಯಲ್ಲಿ, “ಗೆದ್ದುಗಿದ್ದೀಯ, ಊಟ ಬಿಟ್ಟು ಕೂತ್ಬಿಡ್ತಾರೆ” ಎಂದರು. ಅವತ್ತು ಸೋತೆ. ನನ್ನ ಇಪ್ಪತ್ತೇಳು ವರ್ಷದ ಜಂಬಕ್ಕೆ ಅತ್ತೆಯ ಆ ಒಂದು ಮಾತೇ ಆಧಾರ. ಅವರು ಹಾಗೆ ಹೇಳದಿದ್ದರೂ ಅವತ್ತು ನಾನು ಸೋಲುತ್ತಿದ್ದೆ ಎಂಬುದನ್ನು ಯೋಚಿಸಲು ಹೋಗಲೇ ಇಲ್ಲ.

ಮಾವನವರು ಆಡುವುದು ಒಂದೇ ಥರ. ಹಿರಿಯರಾದ್ದರಿಂದ ಬಿಳಿ ಕಾಯಿ ಯಾವಾಗಲೂ ಅವರದು. ರಾಜನ ಮುಂದಿನ ಸೈನಿಕನನ್ನು ಎರಡು ಮನೆ ತಳ್ಳುತ್ತಾರೆ, ನಾನೂ ತಳ್ಳುತ್ತೇನೆ. ಎರಡನೆಯ ನಡೆಗೇ, ರಾಜನ ಪಕ್ಕದ ಒಂಟೆಯ ಮುಂದಿರುವ ಸೈನಿಕನನ್ನು ಎರಡು ಮನೆ ಮುಂದೂಡಿ ನನ್ನ ಸೈನಿಕನ ಬಾಯಿಗೆ ಕೊಡುತ್ತಾರೆ. ಸುಮ್ಮನೆ, ಪುಕ್ಕಟೆ. ಪುಸ್ತಕದವರು ಇದಕ್ಕೆ ಗ್ಯಾಂಬಿಟ್ ಎನ್ನುತ್ತಾರಂತೆ. ಮಾವನವರು ಎರೆ ಎನ್ನುತ್ತಿದ್ದರು, ಹುಳಿಮಾವಿನ ಕೆರೆಯಲ್ಲಿ ಗಾಳ ಹಾಕಿ ಬೆಳೆದವರಲ್ಲವೆ. ತೆಗೆದುಕೊಂಡರೆ ಅವರ ಕಾಯಿಗಳಿಗೆ ದಾರಿ ತೆರೆದುಕೊಂಡು ಕುದುರೆ, ಒಂಟೆ, ಮಂತ್ರಿ ಎಲ್ಲ ಒಟ್ಟಿಗೆ ನನ್ನ ರಾಜನ ಮನೆಗೆ ನುಗ್ಗುತ್ತವೆ. ತೆಗೆದುಕೊಳ್ಳದಿದ್ದರೂ ಇನ್ನೊಂದು ದಾರಿಯಲ್ಲಿ ನುಗ್ಗುತ್ತವೆ. ಅವರ ಸ್ವಂತ ರಾಜ ಬಾಗಿಲು ತೆರೆದ ಮನೆಯಲ್ಲಿ ಒಬ್ಬನೇ ನಿಂತಿರುತ್ತಾನೆ, ಅದರ ಚಿಂತೆ ಅವರಿಗಿಲ್ಲ, ಹೇಗೂ ಅವನು ಹಾರುತ್ತಾನಲ್ಲ. “ಬೆಂಕಿ ಬಿದ್ದಾಗ ಆಚೆ ನಿಂತ್ಕೊಂಡು ಯೋಚ್ನೆ ಮಾಡ್ತಾ ಕೂರ್ಬಾರ್ದು ಕಣಮ್ಮ. ಒಳಕ್ಕೆ ನುಗ್ಬೇಕು. ಯೋಚ್ನೆ ಮಾಡಿದ್ರೆ ಕಾಲು ಬರಲ್ಲ” ಎಂಬುದು ಅವರ ಸಿದ್ಧಾಂತ. ಹಾಗೆ ನುಗ್ಗಿ ಎಷ್ಟೋ ಜನರನ್ನು ಹೊತ್ತು ತಂದಿದ್ದರು. ಎಡಗೈಯ ಚರ್ಮ ಮೊಣಕೈವರೆಗೆ ಸುಕ್ಕಾಗಿ ಹೊಳೆಯುತ್ತದೆ. ಅದೇ ಕೈಯಿಂದ ಎರೆಯ ಸೈನಿಕನನ್ನು ತಳ್ಳುತ್ತಿದ್ದರು.

ಇಂಥ ಮನುಷ್ಯ ಹೋದ ವರ್ಷ ಒಂದು ಬೆಳಿಗ್ಗೆ ಹೂವಿನ ಗಿಡಕ್ಕೆ ನೀರು ಹಾಕುತ್ತಿದ್ದವರು ಹಾಗೆಯೇ ಕುಸಿದು ಕೂತರು. ಎರಡು ನಿಮಿಷಕ್ಕೆ ಎದ್ದು, ಪೈಪು ಜಾರಿತು ಎಂದು ಸಬೂಬು ಹೇಳಿದರು. ಬನ್ನೇರುಘಟ್ಟ ರಸ್ತೆಯ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಪರೀಕ್ಷೆ ಎಲ್ಲ ಮುಗಿಸಿ, ಹೃದಯದ ಬಡಿತ ನಡುನಡುವೆ ನಿಂತುಹೋಗುತ್ತಿದೆ, ಪೇಸ್‌ಮೇಕರ್ ಹಾಕಬೇಕು, ಸಣ್ಣ ಆಪರೇಷನ್ನು, ಹದಿನೈದು ದಿನ ದಾಟಿಸಬೇಡಿ ಎಂದರು. ಈಗಲೇ ಸೇರಿಸಿಕೊಳ್ಳುತ್ತೇವೆ ಎಂದರೂ ಮಾವನವರು ಒಪ್ಪದೆ ಸಹಿ ಹಾಕಿ ಎದ್ದುಬಂದರು. “ಎದೆ ಒಳಗೆ ಬ್ಯಾಟ್ರಿ ಹಾಕೋಕೆ ನಾನೇನು ಟಾರ್ಚಾ?” ಎಂದರು ಕಾರಿನಲ್ಲಿ. ನಾನು ನಕ್ಕೆ. ನನ್ನ ಗಂಡ ಮಂಜುನಾಥ್ ನಗಲಿಲ್ಲ. ಬಿಳೇಕಹಳ್ಳಿ ಸಿಗ್ನಲ್ಲಿನಲ್ಲಿ ನಿಂತಾಗ ಮಾವನವರು ಕಿಟಕಿಯ ಆಚೆ ನೋಡುತ್ತ, ತಮಗೆ ತಾವೇ ಎಂಬಂತೆ, “ಅವಳೂ ನಡ್ಕೊಂಡೇ ಹೋಗಿದ್ಲು” ಎಂದರು. ಅತ್ತೆಯ ಬಗ್ಗೆ ಹೇಳಿದ್ದು ಅದು. ಆರು ವರ್ಷದ ಹಿಂದೆ ಅತ್ತೆ ಒಂದು ಸಣ್ಣ ಆಪರೇಷನ್ನಿಗೆಂದು ತಾವೇ ಚಪ್ಪಲಿ ಮೆಟ್ಟಿಕೊಂಡು ಹೋಗಿ, ವಾಪಸು ಬರಲಿಲ್ಲ. ಯಾರ ತಪ್ಪೂ ಇರಲಿಲ್ಲ, ದೇಹ ತಡೆಯಲಿಲ್ಲ ಅಷ್ಟೆ. ಬೆಂಕಿಗೆ ಹೆದರದ ಮನುಷ್ಯ ಆಸ್ಪತ್ರೆಯ ಮಂಚಕ್ಕೆ ಹೆದರುತ್ತಾರೆ ಎಂದು ಆ ಸಿಗ್ನಲ್ಲಿನಲ್ಲಿ ನಮಗೆ ಅರ್ಥವಾಯಿತು. ಆದರೆ ಅರ್ಥವಾದದ್ದರಿಂದ ಏನೂ ಪ್ರಯೋಜನವಾಗಲಿಲ್ಲ.

ಮಂಜುನಾಥ್ ಎರಡು ದಿನ ಬೇಡಿಕೊಂಡರು, ಒಂದು ದಿನ ಕೂಗಾಡಿದರು. ಮಾವನವರು ಜಗ್ಗಲಿಲ್ಲ. ಕೊನೆಗೆ ಕಾಟ ತಡೆಯಲಾರದೆ, ಸಂಜೆಯ ಆಟಕ್ಕೆ ಕಾಯಿ ಜೋಡಿಸುತ್ತ, ನನ್ನ ಕಡೆ ಕೈ ತೋರಿಸಿ, “ಇವಳು ನನ್ನನ್ನ ಒಂದೇ ಒಂದು ಆಟ ಸೋಲಿಸ್ಲಿ. ಮಾರನೇ ದಿನವೇ ಹೋಗಿ ಆ ಡಾಕ್ಟರಮ್ಮನ ಟೇಬಲ್ ಮೇಲೆ ಮಲ್ಕೋತೀನಿ. ಅಲ್ಲೀವರ್ಗೂ ಯಾರೂ ಈ ಮಾತು ಎತ್ಕೂಡ್ದು” ಎಂದರು. ಮಾತನ್ನು ಶಾಶ್ವತವಾಗಿ ಮುಗಿಸಲು ಅವರು ಆರಿಸಿಕೊಂಡ ದಾರಿ ಅದು. ಮಂಜುನಾಥರ ಮುಖ ಮಾತ್ರ ಅರಳಿತು. ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, “ಅಷ್ಟೇನಾ! ಇಷ್ಟು ವರ್ಷ ಬಿಟ್ಟುಕೊಟ್ಟಿದ್ದು ಸಾಕು, ಇವತ್ತೊಂದು ದಿನ ಬಿಡ್ಬೇಡ. ಗೆದ್ದುಬಿಡು ಪದ್ಮಾ, ನಾಳೆ ಬೆಳಿಗ್ಗೆಗೇ ಹೇಳ್ತೀನಿ ಆಸ್ಪತ್ರೆಗೆ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಸೆರಗು ಸಿಕ್ಕಿಸಿಕೊಂಡು, ಆಗಲಿ ಎಂದು ತಲೆಯಾಡಿಸಿ, ಯುದ್ಧಕ್ಕೆ ಹೊರಟವಳಂತೆ ಹೋಗಿ ಕೂತೆ. ಹದಿನಾಲ್ಕು ನಡೆಗೆ ಸೋತೆ.

ಮೊದಲು ನನಗೆ ಬಂದದ್ದು ದುಃಖವಲ್ಲ, ಆಶ್ಚರ್ಯ. ಮನಸ್ಸು ಮಾಡಿ ಆಡಿದ್ದೆ, ಹಲ್ಲು ಕಚ್ಚಿ ಆಡಿದ್ದೆ. ಆದರೂ ಬೇಕೆಂದೇ ಸೋತ ದಿನಗಳಿಗಿಂತ ಎರಡು ನಡೆ ಬೇಗನೆ ಮುಗಿದಿತ್ತು. ಮಾರನೆಯ ದಿನ ಹದಿನಾರಕ್ಕೆ, ಅದರ ಮಾರನೆಯ ದಿನ ಹದಿನೈದಕ್ಕೆ. ಮಂಜುನಾಥ್ ಮೊದಲ ದಿನ, “ಅಭ್ಯಾಸಬಲ, ಬಿಟ್ಟುಕೊಟ್ಟು ಬಿಟ್ಟುಕೊಟ್ಟು ಹೀಗಾಗಿದೆ” ಎಂದರು. ಮೂರನೆಯ ದಿನ ನನ್ನನ್ನು ಒಂದು ಥರ ನೋಡಿ ಟಿವಿ ಹಾಕಿಕೊಂಡರು. ಆ ನೋಟದಲ್ಲಿ ನನ್ನ ಇಪ್ಪತ್ತೇಳು ವರ್ಷದ ದೊಡ್ಡ ಗುಣವೆಲ್ಲ ಸೋರಿಹೋಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಒಂದು ಹೆಜ್ಜೆ ಮುಂದೆ ಹೋಗಿ, ನೆಲಕ್ಕೆ ನೋವಾಗದಿರಲಿ ಎಂದು ಕುಣಿಯುತ್ತಿಲ್ಲ ಎಂದು ಹೇಳಿಕೊಂಡು ಬಂದಿದ್ದೆ. ನಾಚಿಕೆಯಾಯಿತು. ಹದಿನೈದು ದಿನದಲ್ಲಿ ಐದು ದಿನ ಆಗಲೇ ಕಳೆದಿತ್ತು.

ನಾನು ಕೆಲಸ ಮಾಡುವುದು ಬಿಟಿಎಂ ಲೇಔಟಿನ ಒಂದು ಕಾಲೇಜಿನ ಆಫೀಸಿನಲ್ಲಿ. ಅಲ್ಲಿ ಲೋಕೇಶ್ ಎಂಬ ಫಿಸಿಕ್ಸ್ ಲೆಕ್ಚರರ್ ಇದ್ದಾರೆ. ಬಿಡುವಿನ ಪೀರಿಯಡ್ಡಿನಲ್ಲಿ ಫೋನಿನಲ್ಲಿ ಚೆಸ್ ಆಡುವುದು ಅವರ ಚಟ. ಊಟದ ಹೊತ್ತಿನಲ್ಲಿ ಅವರ ಎದುರು ಹೋಗಿ ಕೂತು, “ಸಾರ್, ನನಗೆ ಚೆಸ್ ಬರಲ್ಲ” ಎಂದೆ. ಅಷ್ಟು ಹೇಳುವುದಕ್ಕೆ ನನಗೆ ಒಂದು ಬೆಳಗ್ಗೆಯೆಲ್ಲ ಬೇಕಾಗಿತ್ತು. ಅವರು ಚಿತ್ರಾನ್ನದ ಚಮಚ ಹಾಗೆಯೇ ಹಿಡಿದು, “ಮೇಡಂ, ನೀವು ಬೇಕಂತಲೇ ಸೋಲ್ತೀರ ಅಲ್ವಾ?” ಎಂದರು. ಬಹಳ ಮರ್ಯಾದಸ್ಥ. ಆಮೇಲೆ ವಿಷಯವೆಲ್ಲ ಕೇಳಿ, ಗಂಭೀರವಾಗಿ, “ಈ ಗ್ಯಾಂಬಿಟ್‌ಗೆ ಹೆದರ್ಬೇಡಿ. ಕೊಟ್ಟಿದ್ದನ್ನ ತಗೊಳ್ಳಿ. ತಗೊಂಡು ಬಿಗಿಯಾಗಿ ಹಿಡ್ಕೊಳ್ಳಿ. ಎಷ್ಟೇ ಅಟ್ಯಾಕ್ ಮಾಡಿದ್ರೂ ಹತ್ತು ನಡೆ ತಡ್ಕೊಂಡ್ರೆ ಅವರ ಕಥೆ ಮುಗೀತು” ಎಂದು ಮೂರು ದಿನ ಪಾಠ ಹೇಳಿಕೊಟ್ಟರು. ಬಸ್ಸಿನಲ್ಲಿ, ಒಗ್ಗರಣೆಯ ಮುಂದೆ, ಸ್ನಾನದ ಮನೆಯಲ್ಲಿ ಅದನ್ನೇ ಉರು ಹೊಡೆದೆ. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಮಾವನವರು ಏನೂ ಅನ್ನದೆ ಉಂಡರು.

ಎಂಟನೆಯ ದಿನದ ಆಟ ನನ್ನ ಜೀವನದ ಅತಿ ಸುಂದರ ಆಟ ಎಂದು ಇಪ್ಪತ್ತೆರಡನೆಯ ನಡೆಯವರೆಗೂ ಅಂದುಕೊಂಡಿದ್ದೆ. ಎರೆ ನುಂಗಿದೆ. ಕಚ್ಚಿ ಹಿಡಿದೆ. ಅವರ ಕುದುರೆ ಬಂತು, ತಡೆದೆ. ಮಂತ್ರಿ ಬಂತು, ತಡೆದೆ. ಒಂದು ಘಟ್ಟದಲ್ಲಿ ಅವರ ರಾಜನ ಸುತ್ತಲ ಮನೆಗಳನ್ನೆಲ್ಲ ನನ್ನ ಕಾಯಿಗಳು ಕಾಯುತ್ತಿದ್ದವು. ಮುಂದಿನ ನಡೆಗೆ ಮಂತ್ರಿ ಹೋಗಿ ಪಕ್ಕದಲ್ಲಿ ನಿಂತರೆ ಅವನಿಗೆ ಹೋಗಲು ಜಾಗವೇ ಇರುವುದಿಲ್ಲ. ನನ್ನ ಎದೆ ಹೊಡೆದುಕೊಳ್ಳುವ ಶಬ್ದ ಅವರಿಗೆ ಕೇಳಿಸೀತೆಂದು ಸೆರಗು ಒತ್ತಿ ಹಿಡಿದಿದ್ದೆ. ಮಾವನವರು ಕಾಫಿ ಲೋಟ ಕೆಳಗಿಟ್ಟು, ರಾಜನನ್ನು ಎತ್ತಿ, ಕುದುರೆಯ ಹಾಗೆ ಎರಡೂವರೆ ಮನೆ ಹಾರಿಸಿ, ನನ್ನ ಬೇಲಿಯ ಆಚೆ ಇಟ್ಟರು. ಅದುವರೆಗೆ ನಾನು ಅವನಿಗೆ ಒಂದೂ ಚೆಕ್ ಕೊಟ್ಟಿರಲಿಲ್ಲ. ಐದು ನಡೆಗೆ ನಾನು ಸೋತೆ. ಮಾರನೆಯ ದಿನ ಇದನ್ನು ಹೇಳಿದಾಗ ಲೋಕೇಶ್, “ರಾಜ ಹಾರಿದ್ನಾ?” ಎಂದರು. ಹೌದು ಸಾರ್, ಒಂದು ಸಲ ಹಾರಬಹುದಲ್ಲ ಎಂದೆ. “ಯಾವ ದೇಶದಲ್ಲಿ ಮೇಡಂ?” ಎಂದರು. ಹುಳಿಮಾವಿನಲ್ಲಿ ಎಂದೆ. ಇಡೀ ನಿಯಮ ಗೊತ್ತಿದ್ದ ನಾನು ಅವರಿಗೆ ಹೇಳಿರಲಿಲ್ಲ, ಪುಸ್ತಕ ಗೊತ್ತಿದ್ದ ಅವರು ನನ್ನನ್ನು ಕೇಳಿರಲಿಲ್ಲ. ಉಪ್ಪಿಟ್ಟಿಗೆ ಉಪ್ಪು ಹಾಕಬೇಕು ಎಂದು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಹಾಗೆಯೇ ಆಯಿತು.

ಅದೇ ಸಂಜೆ ನಾನು ಬಸ್ಸಿಳಿದು ಬರುವಾಗ ಗೇಟಿನ ಹತ್ತಿರ ಎದುರುಮನೆಯ ಆಂಟಿ ನಿಂತಿದ್ದರು. ಮಾವನವರು ಮೆಟ್ಟಿಲ ಮೇಲೆ ಕೂತಿದ್ದರು. ಹಣೆಯಲ್ಲಿ ಗಾಯ, ಅಂಗಿಯ ಮೇಲೆ ರಕ್ತ. “ತರಕಾರಿ ಗಾಡಿ ಹತ್ರ ನಿಂತಿದ್ರು, ಹಂಗೇ ಬಿದ್ಬಿಟ್ರು ಪದ್ಮಾ. ನೋಡೋಕೆ ಆಗ್ಲಿಲ್ಲ” ಎಂದರು ಆಂಟಿ. ಆಸ್ಪತ್ರೆಗೆ ಹೋಗೋಣ ಮಾವ ಎಂದೆ. ಅವರು ತಲೆಯಾಡಿಸಿ, “ಐದಾಯ್ತು, ಬೋರ್ಡ್ ತಗೊಂಬಾ” ಎಂದರು. ನಾನು ಅವರ ಹಣೆ ಒರೆಸುತ್ತ ಅಲ್ಲಿಯೇ ಅತ್ತುಬಿಟ್ಟೆ. ಮಾವನವರು ನನ್ನನ್ನು ಸಮಾಧಾನ ಮಾಡಲಿಲ್ಲ, ಅವರು ಎಂದೂ ಸಮಾಧಾನ ಮಾಡುವವರಲ್ಲ. ಆದರೆ ಅವತ್ತು ನನಗೆ ಒಂದು ಸತ್ಯ ಗೊತ್ತಾಯಿತು, ಅದನ್ನು ಬರೆಯಲೇಬೇಕು. ನಾನು ಈ ಮನೆಯಲ್ಲಿ ಮಗಳಾಗಿ ಉಳಿದದ್ದು ಆ ಐದು ಗಂಟೆಯ ಆಟದಿಂದ. ನಾವಿಬ್ಬರೂ ಒಬ್ಬರಿಗೊಬ್ಬರು ಹೆಚ್ಚು ಮಾತಾಡಿದವರಲ್ಲ, ಮಾತಾಡಿದ್ದೆಲ್ಲ ಆ ಅರವತ್ತನಾಲ್ಕು ಮನೆಗಳಲ್ಲಿಯೇ. ಅವರಿಲ್ಲದ ಐದು ಗಂಟೆಯನ್ನು ನೆನೆಸಿಕೊಂಡೆ.

ಲೋಕೇಶ್ ಆಮೇಲೆ ತಮ್ಮ ಪುಸ್ತಕ ಬದಿಗಿಟ್ಟು ಹೊಸದಾಗಿ ಯೋಚಿಸಿದರು. “ಮೇಡಂ, ನಿಮ್ಮ ಮಾವನ ಆಟದಲ್ಲಿ ಅತೀ ದೊಡ್ಡ ಕಾಯಿ ಮಂತ್ರಿ ಅಲ್ಲ, ರಾಜ ಹಾರೋದು. ಮೊದಲು ಅದನ್ನ ತೆಗೀಬೇಕು. ಒಂದು ಚೆಕ್ ಬಿದ್ರೆ ಮುಗೀತು ಅಲ್ವಾ?” ಎಂದರು. ಆಮೇಲೆ ತೋರಿಸಿದರು. ಎರೆಯನ್ನು ತೆಗೆದುಕೊಳ್ಳಬೇಕು. ಅವರ ಕುದುರೆ ಹೊರಬಂದಾಗ ನನ್ನ ಒಂಟೆ ಒಂದೇ ಒಂದು ಮನೆ, ರಾಜನ ಮುಂದಕ್ಕೆ, ಸಂಕೋಚದಿಂದ ಬಂದು ನಿಲ್ಲಬೇಕು. ನೋಡಿದವರಿಗೆ, ಪಾಪ, ಹೆದರಿದ್ದಾಳೆ ಎನ್ನಿಸಬೇಕು. ಅವರ ಒಂಟೆ ಬಂದ ಮೇಲೆ ಆ ಸಂಕೋಚದ ಒಂಟೆ ಓರೆಯಾಗಿ ಪಟದ ಅಂಚಿಗೆ ಹೋಗಿ ಚೆಕ್ ಕೊಡುತ್ತದೆ. ರಾಜ ಪಕ್ಕಕ್ಕೆ ಸರಿಯಬೇಕಾಗುತ್ತದೆ. ಹಾರುವ ಹಕ್ಕು ಹೋಯಿತು. ಸರಿದ ರಾಜ ತನ್ನ ಮೂಲೆಯ ಆನೆಗೆ ತಾನೇ ಅಡ್ಡವಾಗುತ್ತಾನೆ. “ಇನ್ನೊಂದು. ಆಮೇಲೆ ನೀವು ಒಬ್ಬ ಸೈನಿಕನನ್ನ ಅವರಿಗೆ ವಾಪಸ್ ಕೊಟ್ಬಿಡಿ. ಹಿಡ್ಕೊಂಡು ಕೂರ್ಬೇಡಿ. ಕೊಟ್ರೆ ನಿಮ್ಮ ಕಾಯಿಗಳಿಗೆ ದಾರಿ ಸಿಗುತ್ತೆ.” ಇದು ನನಗೆ ಥಟ್ಟನೆ ಅರ್ಥವಾಯಿತು. ಪಕ್ಕದ ಮನೆಯಿಂದ ಡಬ್ಬಿಯಲ್ಲಿ ಏನಾದರೂ ಬಂದರೆ ನಾವು ಖಾಲಿ ಡಬ್ಬಿ ವಾಪಸು ಕಳಿಸುವವರಲ್ಲ. ಬಂದದ್ದನ್ನು ತೆಗೆದುಕೊಳ್ಳಬೇಕು, ಸಮಯ ನೋಡಿ ಏನಾದರೂ ತುಂಬಿ ಕಳಿಸಬೇಕು. ಇಷ್ಟು ವರ್ಷ ಹೆಂಗಸರು ಮಾಡಿಕೊಂಡು ಬಂದದ್ದನ್ನೇ ಈ ಮನುಷ್ಯ ಫಿಸಿಕ್ಸ್ ಓದಿ ಹೇಳುತ್ತಿದ್ದಾರೆ ಎನ್ನಿಸಿತು.

ಹನ್ನೆರಡನೆಯ ದಿನ, ಭಾನುವಾರ. ಐದು ಗಂಟೆಗೆ ಕಾಯಿ ಜೋಡಿಸಿದೆ. ಮಾವನವರ ಹಣೆಯಲ್ಲಿ ಇನ್ನೂ ಪ್ಲಾಸ್ಟರ್ ಇತ್ತು. ಮಂಜುನಾಥ್ ಬಾಗಿಲ ಹತ್ತಿರ ಪೇಪರ್ ಹಿಡಿದು ನಿಂತಿದ್ದರು, ಬೆಳಗಿನಿಂದ ಅದೇ ಪುಟ. ಎರೆ ಬಂತು, ತೆಗೆದುಕೊಂಡೆ. ಕುದುರೆ ಬಂತು, ನನ್ನ ಒಂಟೆ ಒಂದು ಮನೆ ನಡೆಯಿತು. ಮಾವನವರು ಅದನ್ನು ನೋಡಿ, “ಯಾಕಮ್ಮ, ಸುಸ್ತಾ?” ಎಂದರು. ಅವರ ಒಂಟೆ ಹೊರಬಂತು. ನಾನು ನನ್ನ ಒಂಟೆಯನ್ನು ಅಂಚಿಗೆ ತಳ್ಳಿ, “ಚೆಕ್” ಎಂದೆ. ಧ್ವನಿ ಹೊರಡಲಿಲ್ಲ. ಇನ್ನೊಂದು ಸಲ ಹೇಳಿದೆ. ಅವರು ಪಟವನ್ನು ನೋಡಿದರು. ನನ್ನನ್ನು ನೋಡಿದರು. ರಾಜನನ್ನು ಪಕ್ಕಕ್ಕೆ ಸರಿಸಿ, ಕುರ್ಚಿಗೆ ಒರಗಿ, “ಯಾರು ಹೇಳ್ಕೊಟ್ಟಿದ್ದು?” ಎಂದರು. ನಮ್ಮ ಕಾಲೇಜಿನ ಮೇಷ್ಟ್ರು ಎಂದೆ. “ಬುದ್ಧಿವಂತ. ಮುಂದಕ್ಕೆ ಆಡು.” ನಾನು ಸೈನಿಕನನ್ನು ಕೊಟ್ಟೆ. ತೆಗೆದುಕೊಂಡರು. ಆಮೇಲೆ ಆಟ ಉದ್ದಕ್ಕೆ ಹೋಯಿತು. ಅವರ ಕಾಯಿಗಳು ನುಗ್ಗಿದವು, ನನ್ನವು ತಡೆದವು. ಲೋಕೇಶ್ ಹೇಳಿದ್ದರಿಂದ ಪ್ರತಿ ನಡೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಹದಿನೆಂಟನೆಯ ನಡೆಗೆ ಮಾವನವರು ಬಹಳ ಹೊತ್ತು ಯೋಚಿಸಿ, ಮೂಲೆಯ ಒಬ್ಬ ಸೈನಿಕನನ್ನು ಒಂದು ಮನೆ ಮುಂದಿಟ್ಟರು. ಅಂಥ ನಡೆಯನ್ನು ಅವರು ಆಡಿದ್ದು ನಾನು ನೋಡಿರಲಿಲ್ಲ. ಆದರೆ ಆಗ ಅದನ್ನು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಇನ್ನಾರು ನಡೆ ಕಳೆದ ಮೇಲೆ ನನ್ನ ಮಂತ್ರಿಯನ್ನು ಕೈಗೆತ್ತಿಕೊಂಡೆ. ಅದನ್ನು ಎಲ್ಲಿ ಇಡಬೇಕೆಂದು ಗೊತ್ತಿತ್ತು. ಇಟ್ಟರೆ ಆಟ ಮುಗಿಯುತ್ತದೆ. ಹಾರಲು ಅವರ ರಾಜನಿಗೆ ಹಕ್ಕಿಲ್ಲ, ಸರಿಯಲು ಜಾಗವಿಲ್ಲ. ಕೈ ಮಾತ್ರ ಕೆಳಗೆ ಹೋಗಲಿಲ್ಲ. ನಾನು ಇಟ್ಟರೆ ಇವರು ನಾಳೆ ಚಪ್ಪಲಿ ಮೆಟ್ಟಿಕೊಂಡು ನಡೆದುಕೊಂಡೇ ಹೋಗುತ್ತಾರೆ. ಹೋಗಿ ಬಾರದಿದ್ದರೆ, ಕಳಿಸಿದವಳು ನಾನು. ಹನ್ನೆರಡು ದಿನ ಅವರ ಹೆದರಿಕೆಯ ಬಗ್ಗೆ ಎಲ್ಲರ ಹತ್ತಿರ ಮಾತಾಡಿದ್ದೆ, ನನ್ನದು ನನಗೆ ಗೊತ್ತೇ ಇರಲಿಲ್ಲ. ಮಂತ್ರಿಯನ್ನು ವಾಪಸು ಅದರ ಜಾಗದಲ್ಲಿ ಇಟ್ಟುಬಿಡೋಣ ಎಂದುಕೊಂಡೆ. ಆದರೆ ಮುಟ್ಟಿದ ಕಾಯಿ ನಡೆಸಲೇಬೇಕು ಎಂಬುದು ನಮ್ಮ ಮನೆಯ ಕಟ್ಟುನಿಟ್ಟು. ಮಾವನವರು ಮುಂದಕ್ಕೆ ಬಗ್ಗಿ, ಸುಟ್ಟ ಕೈಯಿಂದ ನನ್ನ ಮೊಣಕೈ ತಟ್ಟಿ, “ಇಡಮ್ಮ. ಎಷ್ಟೊತ್ತು ಕೈಯಲ್ಲಿ ಹಿಡ್ಕೊಂಡಿರ್ತೀಯ. ಏನಾಗಲ್ಲ, ಇಡು” ಎಂದರು. ಇಟ್ಟೆ. ಮಂಜುನಾಥ್ ಪೇಪರ್ ಮಡಿಸುವ ಸದ್ದು ಕೇಳಿಸಿತು. ಮಾವನವರು ಎದ್ದು, ಬೀರು ತೆಗೆದು, ಎರಡು ಪಂಚೆ, ಒಂದು ಟವಲು ಹೊರಗಿಟ್ಟು, “ಲೋಟ ಒಂದು ಕೊಡಮ್ಮ, ಆಸ್ಪತ್ರೇಲಿ ಪೇಪರ್ ಕಪ್ಪಲ್ಲಿ ಕೊಡ್ತಾರೆ” ಎಂದರು.

ಆಪರೇಷನ್ ಒಂದು ಗಂಟೆಯಲ್ಲಿ ಮುಗಿಯಿತು. ಆ ಒಂದು ಗಂಟೆಯ ಬಗ್ಗೆ ನಾನು ಏನೂ ಬರೆಯಲಾರೆ. ಡಾಕ್ಟರಮ್ಮ ಹೊರಗೆ ಬಂದು, ಎಲ್ಲ ಚೆನ್ನಾಗಿದೆ, ಕಾಫಿ ಕೇಳ್ತಿದ್ದಾರೆ ಎಂದಾಗ ಮಂಜುನಾಥ್ ಗೋಡೆಗೆ ಮುಖ ಮಾಡಿ ನಿಂತರು. ಮಾರನೆಯ ದಿನ ಲೋಕೇಶ್ ನೋಡಲು ಬಂದರು. ಅಭಿಮಾನದಿಂದ ನೋಟ್‌ಬುಕ್ ತೋರಿಸಿದೆ. ಅವರು ಕಾರಿಡಾರಿನ ಬೆಂಚಿನ ಮೇಲೆ ಕೂತು ಒಂದೊಂದೇ ನಡೆ ನೋಡುತ್ತ ಬಂದು ಹದಿನೆಂಟರಲ್ಲಿ ನಿಂತರು. “ಮೇಡಂ, ಇಲ್ಲಿ ಅವರು ಮೂಲೆ ಸೈನಿಕನನ್ನ ಯಾಕೆ ತಳ್ಳಿದ್ರು? ಕುದುರೇನ ಹಿಂದಕ್ಕೆ ತಂದಿದ್ರೆ ನಿಮ್ಮ ಮಂತ್ರಿಗೆ ಓಡೋಕೆ ಜಾಗನೇ ಇರ್ಲಿಲ್ಲ. ಸೋತೇ ಹೋಗ್ತಿದ್ರಿ. ಇದು ಅವರಿಗೆ ಕಾಣ್ದೇ ಇರುತ್ತಾ?” ನಾನು ನೋಟ್‌ಬುಕ್ ಕಸಿದುಕೊಂಡೆ. ಅವರು ಹೋದ ಮೇಲೆ ಇನ್ನೂ ಒಂದಾಯಿತು. ಹುಳಿಮಾವಿನಿಂದ ಬಂದ ಮಾವನವರ ತಮ್ಮ ಮಂಚದ ಪಕ್ಕ ಕೂತು, ಹೆಂಗಣ್ಣ ಒಪ್ಕೊಂಡೆ ಎಂದು ಕೇಳುತ್ತಿದ್ದರು. ನಾನು ಫ್ಲಾಸ್ಕ್ ಹಿಡಿದು ಪರದೆಯ ಈಚೆ ಇದ್ದೆ. “ಪಾಪ, ಆ ಮಗು ಅಷ್ಟು ಕಷ್ಟಪಟ್ಟು ಕಲ್ತ್ಕೊಂಡು ಬಂದಿತ್ತು ಕಣೋ. ಹೆಂಗೋ ಇಲ್ಲ ಅನ್ನೋದು” ಎಂದರು ಮಾವನವರು. ಆ ತಮ್ಮ ಅಣ್ಣನ ದೊಡ್ಡ ಗುಣವನ್ನು ಹೊಗಳಿದರು. ನನ್ನ ಕಿವಿ ಬಿಸಿಯಾಯಿತು. ಗೆದ್ದವಳಿಗೆ ಈ ಮಾತು ಹೇಗೆ ಕೇಳಿಸುತ್ತದೆ ಎಂದು ಆಗ ತಿಳಿಯಿತು. ನಮ್ಮ ಅಡುಗೆಮನೆಗೂ ಹಾಲಿಗೂ ನಡುವೆ ಬಾಗಿಲಿಲ್ಲ, ನನ್ನ ಬಾಯಲ್ಲಿ ಇದೇ ಮಾತನ್ನು ಅವರು ಇಪ್ಪತ್ತೇಳು ವರ್ಷ ಕೇಳಿಸಿಕೊಂಡಿದ್ದಾರೆ.

ಮನೆಗೆ ಕರೆದುಕೊಂಡು ಬರುವಾಗ ಕಾರಿನಲ್ಲಿ ತಡೆಯಲಾರದೆ ಕೇಳಿಯೇಬಿಟ್ಟೆ. ಮಾವ, ನಿಜ ಹೇಳಿ, ಆ ಕುದುರೆ ನಿಮಗೆ ಕಾಣಲಿಲ್ಲವೋ, ಬೇಕೆಂದೇ ಬಿಟ್ಟಿರೋ? ಅವರು ಎದೆಯ ಮೇಲಿನ ಬ್ಯಾಂಡೇಜನ್ನು ಮೆಲ್ಲಗೆ ಮುಟ್ಟಿಕೊಂಡರು. “ಗೊತ್ತಿಲ್ಲ ಕಣಮ್ಮ” ಎಂದರು. “ಕೈ ಕುದುರೆ ಹತ್ರಕ್ಕೆ ಹೋಗಿತ್ತು. ಆಮೇಲೆ ಯಾಕೋ ಬೇರೆ ಕಡೆ ಹೋಯ್ತು. ಕಾಣ್ಲಿಲ್ಲ ಅಂದ್ರೂ ಸುಳ್ಳು, ಬಿಟ್ಟೆ ಅಂದ್ರೂ ಸುಳ್ಳು.” ಇಷ್ಟು ನೆಟ್ಟಗಿನ ಉತ್ತರವನ್ನು ಇಪ್ಪತ್ತೇಳು ವರ್ಷದಲ್ಲಿ ನಾನು ಒಂದು ದಿನವೂ ಯಾರಿಗೂ ಕೊಟ್ಟಿರಲಿಲ್ಲ. ನಾನು ಗೆದ್ದೆನೋ ಇಲ್ಲವೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಮಾವನವರು ಪಕ್ಕದಲ್ಲಿ ಕೂತು ಸಲೀಸಾಗಿ ಉಸಿರಾಡುತ್ತಿದ್ದರು, ಅದೊಂದು ಗೊತ್ತಿತ್ತು. ಅಷ್ಟು ಸಾಕು ಎಂದು ಇಲ್ಲಿಗೆ ನಿಲ್ಲಿಸಿದರೆ ಬರೆದದ್ದಕ್ಕೂ ಶೋಭೆ, ನನಗೂ ಗೌರವ. ಆದರೆ ಸಾಕಾಗಲಿಲ್ಲ. ಮಾರನೆಯ ದಿನ ಕಾಲೇಜಿಗೆ ಹೋದವಳೇ ಲೋಕೇಶ್ ಮುಂದೆ ನೋಟ್‌ಬುಕ್ ಇಟ್ಟು, ಆ ಕುದುರೆ ಹಿಂದಕ್ಕೆ ಬಂದಿದ್ದರೂ ನಾನು ಗೆಲ್ಲಬಹುದಾಗಿದ್ದ ದಾರಿ ಒಂದಾದರೂ ಇದೆಯೇ ಹುಡುಕಿಕೊಡಿ ಸಾರ್ ಎಂದೆ. ಪುಣ್ಯಾತ್ಮರು ಇನ್ನೂ ಹುಡುಕುತ್ತಿದ್ದಾರೆ.